ಡಿಕ್ಕಿಯೊಳಗ ಕುಂತಿದ್ದ ಅವ್ವನ ದನಿ

ಹೋದ ಸಲ ರಂಜಕ ಹಾಕೂದರ ಬಗ್ಗೆ ಬರದಿದ್ದೆ. ಈ ಸಲ ಕಾರಿನ ಸ್ಪೀಕರ್ ಬಗ್ಗೆ ಬರೀತೀನಿ ಅಂದ್ರ ನೀವೆಲ್ಲಾರೂ ನಗ್ತೀರಿ, ಗೊತ್ತೈತಿ. ನಮ್ಮ ಓಣಿ ಅಕ್ಕಾರಂತೂ ಆ ದಿನ ಕಣ್ಣಾರೆ ನೋಡ್ಯಾರ, ನಾನೂ ನನ್ನ ಮಗಾನೂ ನಿಂತ ಕಾರಿನಾಗ ಎರಡ ತಾಸು ಕುಂತಿದ್ದನ್ನ. "ಗಾಡಿ ಚಾಲೂ ಆಗವಲ್ದೇನ್ರೀ?" ಅಂತ ಒಬ್ಬರು ಕೇಳಿದ್ರು. "ತಾಯಿ ಮಗಾ ಜಗಳಾಡಿ ಹೊರಗ ಕುಂತಾರೇನ" ಅಂತ ಇನ್ನೊಬ್ಬರು ಅಂದ್ರಂತ. ಎರಡೂ ಸ್ವಲ್ಪ ಸ್ವಲ್ಪ ಖರೇನ. ಜಗಳ ಆಗಿತ್ತು, ಕಡೀಕ ಗಾಡೀನೂ ಚಾಲೂ ಆಗಲಿಲ್ಲ. ಮೊದಲಿಂದ ಹೇಳ್ತೀನಿ ಕೇಳ್ರಿ.

ನನ್ನ ಮಗ ಹೋದ ವರ್ಷ ಒಂದು ಹಳೇ ಕಾರ್ ತಗೊಂಡ. ಬೆಂಗಳೂರಿಂದ ಹಬ್ಬಕ್ಕ ಬಂದಾಗ ಅದಕ್ಕ ದೊಡ್ಡ ಸೌಂಡ್ ಸಿಸ್ಟಮ್ ಹಾಕಿಸ್ಕೊಂಡು ಬಂದಿದ್ದ. ಮುಂದ ಟಿವಿಯಂಥಾ ಪರದೆ, ಎರಡೂ ಬಾಗಿಲದಾಗ ಆರೂವರೆ ಇಂಚಿನ ಸ್ಪೀಕರು, ಕಾಜಿನ ಪಕ್ಕದ ಕಂಬದ ಮ್ಯಾಲೆ ಗುಂಡಿಯಷ್ಟ ಸಣ್ಣ ಟ್ವೀಟರು, ಹಿಂದ ಡಿಕ್ಕ್ಯಾಗ ಅಕ್ಕಿ ಡಬ್ಬಿಯಷ್ಟ ದೊಡ್ಡ ಪೆಟಗಿ. ಅದಕ್ಕ ಸಬ್‌ವೂಫರ್ ಅಂತಾರ. "ಇಷ್ಟ ರೊಕ್ಕಾ ಯಾಕ ಹಾಕಿದಿಯೋ ಯಪ್ಪಾ, ಡಿಕ್ಕ್ಯಾಗ ಚೀಲ ಇಡಾಕ ಜಾಗ ಉಳೀಲಿಲ್ಲಲ್ಲ" ಅಂದೆ. ಅವ ನಕ್ಕು ಸುಮ್ಮಾದ. ಯಾಕ ನಕ್ಕ ಅನ್ನೂದು ಆಗ ತಿಳೀಲಿಲ್ಲ.

ಶೀಗಿ ಹುಣ್ಣಿವಿಗೆ ನನ್ನ ತವರಮನಿಗೆ ಹೊಂಟಿದ್ವಿ, ನವಲಗುಂದದ ಕಡೆ. ಚರಗಾ ಚೆಲ್ಲಾಕ ಬುಟ್ಟಿ ಕಟ್ಟಿದ್ದೆ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಕರ್ಚಿಕಾಯಿ. ನಮ್ಮನಿಯವ್ರು ಹಿಂದ ಕುಂತಿದ್ರು, ನಾನು ಮುಂದ. ಊರ ದಾಟಿ ಎರೀ ಹೊಲ ಕಾಣಾಕ ಹತ್ತಿದ ಮ್ಯಾಲೆ ಮಗ ಅಂದ, "ಅವ್ವಾ, ಒಂದ ಹಾಡ ಹಚ್ತೀನಿ, ಯಾರದು ಅಂತ ಹೇಳು."

ಹಾಡ ಸುರು ಆತು. ನನ್ನ ಅವ್ವನ ತೊಟ್ಟಲ ಪದ.

ಆ ಕ್ಯಾಸೆಟ್ಟಿನ ಕಥಿ ನಿಮಗ ಹೇಳಬೇಕು. 1996ರಾಗ ಇದ ಮಗನ್ನ ತೊಟ್ಟಲದಾಗ ಹಾಕೂ ದಿನ ನಮ್ಮ ಅಣ್ಣ ಸಣ್ಣದೊಂದು ಟೇಪ್ ರೆಕಾರ್ಡರ್ ತಂದು ತೊಟ್ಟಲದ ಬಾಜೂಕ ಇಟ್ಟಿದ್ದ. ಅವ್ವ ಹಾಡಿದ್ದು ಅದರಾಗ ತುಂಬಿತ್ತು. ಟೇಪ್ ಕೆಟ್ಟ ಹೋಗಿ ಎಷ್ಟೋ ವರ್ಷ ಆತು. ಕ್ಯಾಸೆಟ್ಟು ಮಾತ್ರ ನನ್ನ ಟ್ರಂಕಿನಾಗ, ರೇಷ್ಮಿ ಸೀರಿ ಮಡಿಕಿಯೊಳಗ ಇತ್ತು. ರೀಲ ಎಲ್ಲೆ ಹರದ ಹೋಗತೈತೋ ಅಂತ ಯಾರ ಕೈಯಾಗೂ ಕೊಟ್ಟಿದ್ದಿಲ್ಲ. ಅವ್ವ ಹೋಗಿ ಹನ್ನೆರಡ ವರ್ಷ ಆತು. ಆ ಹನ್ನೆರಡ ವರ್ಷದಾಗ ಒಮ್ಮೆನೂ ಕೇಳಿದ್ದಿಲ್ಲ. ಮಗ ನನಗ ಹೇಳದ ಅದನ್ನ ತಗೊಂಡ ಹೋಗಿ, ಅಂಗಡ್ಯಾಗ ಕಂಪ್ಯೂಟರಿಗೆ ಇಳಿಸಿಸಿ, ಪೆನ್‌ಡ್ರೈವಿನಾಗ ಹಾಕಿಸ್ಕೊಂಡು, ಕ್ಯಾಸೆಟ್ಟನ್ನ ತಿರುಗಿ ಅದ ಮಡಿಕಿಯೊಳಗ ಇಟ್ಟಿದ್ದ.

ಕೇಳಿದ ಕೂಡಲೆ ಅಳು ಬರಬೇಕಿತ್ತು. ಬರಲಿಲ್ಲ. ಹೆದರಿಕಿ ಬಂತು. ಹಾಡು ಅವ್ವಂದು, ರಾಗ ಅವ್ವಂದು, ದನಿ ಅವ್ವಂದಲ್ಲ. ಡಬ್ಬಿ ತಗಡಿನ ಮ್ಯಾಲೆ ಉಗುರಲೆ ಗೀರಿದಂಗ ಒಂದು ದನಿ ಮುಂದಿನಿಂದ ಬರ್ತಿತ್ತು. ಅದರ ಜೋಡಿ ಗುಂಯ್ ಅಂತ ಒಂದು ಗುನಗು ಬೆನ್ನ ಹಿಂದಿನಿಂದ, ಡಿಕ್ಕಿಯೊಳಗಿಂದ ಬರ್ತಿತ್ತು. ಯಾರೋ ಹಿಂದ ಬಾಯಿ ಮುಚ್ಕೊಂಡು ಹಾಡಿದಂಗ. ಮ್ಯಾಲೆ ಸುಂಯ್ ಅಂತ ಮಳಿ ಹೊಡದಂಥಾ ಸಪ್ಪಳ ಬ್ಯಾರೆ.

"ಬಂದ ಮಾಡೋ" ಅಂದೆ.

"ಯಾಕವ್ವಾ?"

"ಬಂದ ಮಾಡಂದ್ರ ಬಂದ ಮಾಡು. ಅದು ನಮ್ಮವ್ವ ಅಲ್ಲ."

ಅವನ ಮಾರಿ ಸಣ್ಣದಾತು. "ನಿನ್ನ ಸಲುವಾಗಿ ಇಷ್ಟೆಲ್ಲಾ ಹಾಕಿಸೀನಿ, ನಿನಗ ಏನ ಮಾಡಿದ್ರೂ ಕಡಿಮೀನ" ಅಂದ. ನಾನೂ ಸುಮ್ಮ ಇರಲಿಲ್ಲ, ಎರಡ ಮಾತು ಆಡಿದೆ. ಆಮ್ಯಾಲೆ ಹೊಲ ಮುಟ್ಟೂತನಕ ಯಾರೂ ಮಾತಾಡಲಿಲ್ಲ. ಚರಗಾ ಚೆಲ್ಲಿದ್ವಿ, ಉಂಡ್ವಿ, ತಿರುಗಿ ಬಂದ್ವಿ. ರಾತ್ರಿ ನಮ್ಮನಿಯವ್ರು, "ಹಾಡ ಚೊಲೊ ಇತ್ತಲ್ಲ, ಜೋರ ಕೇಳ್ತಿತ್ತು" ಅಂದ್ರು. ಜೋರ ಕೇಳ್ತಿತ್ತು, ಹೌದು. ನನಗ ನಿದ್ದಿ ಹತ್ತಲಿಲ್ಲ. ಕ್ಯಾಸೆಟ್ಟು ಕೆಟ್ಟ ಹೋತೋ, ಇಲ್ಲಾ ನಾನ ಅವ್ವನ ದನಿ ಮರತೇನೋ ಅನ್ನೂದು ತಲ್ಯಾಗ ಕುಂತಿತ್ತು. ಎರಡನೇದು ಖರೆ ಇದ್ರ ಏನ ಮಾಡೂದು ಅಂತ ಎದಿ ಝಲ್ ಅಂತಿತ್ತು.

ಮುಂಜಾನೆ ಗೋದಿ ರವಾ ಸಾಣಸಾಕ ಕುಂತಿದ್ದೆ. ನಿಮಗ ಗೊತ್ತಲ್ಲ, ಗಿರಣಿಯಿಂದ ಒಡಸ್ಕೊಂಡು ತಂದದ್ದನ್ನ ದೊಡ್ಡ ತೂತಿನ ಸಾಣಿಗಿಗೆ ಹಾಕಿದ್ರ ನುಚ್ಚು ಮ್ಯಾಲೆ ಉಳೀತೈತಿ. ಕೆಳಗ ಬಿದ್ದದ್ದನ್ನ ಸಣ್ಣ ತೂತಿನ ಸಾಣಿಗಿಗೆ ಹಾಕಿದ್ರ ರವಾ ಮ್ಯಾಲೆ ಉಳದು ಹಿಟ್ಟ ಕೆಳಗ ಬೀಳತೈತಿ. ಸಾಣಸ್ತಾ ಸಾಣಸ್ತಾ ನೆನ್ನಿನ ಹಾಡ ನೆಪ್ಪಾತು. ದನಿ ಎರಡ ಕಡೆಯಿಂದ ಬರ್ತಿತ್ತು. ಒಬ್ಬಾಕಿ ಹಾಡಿದ್ದು ಎರಡ ಕಡೆಯಿಂದ ಯಾಕ ಬರಬೇಕು?

ಮಗಗ ಚಾ ಕೊಡೂ ಮುಂದ ಇದನ್ನ ಕೇಳಿದೆ. ಅವ ಸಿಟ್ಟಿನಾಗ ಇದ್ದ. ಖರೆ ಪ್ರಶ್ನಿ ಕೇಳಿ ಕಣ್ಣ ಮ್ಯಾಲೆ ಎತ್ತಿದ. "ಎರಡ ಕಡೆಯಿಂದ ಅಂದ್ರ? ಹಿಂದಿನಿಂದನೂ ಕೇಳ್ತಿತ್ತೇನು?" ಅಂದ. "ಹೂಂ, ಅವ್ವನ ಬಾಯಿ ಮುಂದ ಇತ್ತು, ಮೈ ಡಿಕ್ಕ್ಯಾಗ ಇತ್ತು" ಅಂದೆ. ಚಾ ಬಟ್ಟಲಾ ಅಲ್ಲೇ ಇಟ್ಟು, "ಬಾ ಅವ್ವಾ, ಕ್ರಾಸ್‌ಓವರ್ ನೋಡೂಣು" ಅಂದ.

ಹಿಂಗ ನಾವಿಬ್ಬರೂ ಕಾರಿನಾಗ ಹೋಗಿ ಕುಂತ್ವಿ.

ಕ್ರಾಸ್‌ಓವರ್ ಅಂದ್ರ ಏನು ಅಂತ ಅವ ಹೇಳಿದ, ನಾನು ಅದನ್ನ ನಮ್ಮ ಸಾಣಿಗಿ ಲೆಕ್ಕದಾಗ ತಿಳ್ಕೊಂಡೆ. ನಿಮಗೂ ಹಂಗ ಹೇಳ್ತೀನಿ. ದನಿ ಅಂದ್ರ ಅದುರೂದು. ಒಂದ ಸೆಕೆಂಡಿನಾಗ ಎಷ್ಟ ಸಲ ಅದರತೈತಿ ಅನ್ನೂದಕ್ಕ ಹರ್ಟ್ಜ್ ಅಂತಾರ. ಇದನ್ನ ನಾನೂ ಪಿ.ಯು.ಸಿ.ಯೊಳಗ ಓದಿದ್ದೆ, ಸಾಸಿವಿ ಡಬ್ಬಿ ಮುಚ್ಚಳ ತಗದಂಗ ನೆಪ್ಪಾತು. ಮನಷ್ಯಾನ ಕಿವಿಗೆ ಸುಮಾರ 20ರಿಂದ 20,000 ಹರ್ಟ್ಜ್‌ತನಕ ಕೇಳತೈತಿ, ವಯಸ್ಸಾದಂಗ ಮ್ಯಾಲಿಂದು ಕಡಿಮಿ ಆಗ್ತಾ ಬರತೈತಿ. ಡಗ್ಗಾದ ಘುಂ ಅನ್ನೂದು ಕೆಳಗಿನ ಅಂಕಿಯೊಳಗ ಇರತೈತಿ. ಹೆಣಮಕ್ಕಳು ಮಾತಾಡೂ ದನಿಯ ಬುಡ ಸುಮಾರ 165ರಿಂದ 255ರ ನಡುವ ಇರತೈತಿ, ಗಂಡಸರದು ಅದಕ್ಕಿಂತ ಕೆಳಗ. 'ಸ' 'ಶ' ಅನ್ನೂ ಅಕ್ಷರದ ಸಪ್ಪಳ ಸಾವಿರ ಸಾವಿರ ಹರ್ಟ್ಜ್ ಮ್ಯಾಲೆ ಇರತೈತಿ.

ಒಂದ ಸ್ಪೀಕರು ಇಷ್ಟೂ ಹೊರಾಕ ಆಗೂದಿಲ್ಲ. ಟ್ವೀಟರಿಗೆ ಡಗ್ಗಾದ ಪೆಟ್ಟ ಕೊಟ್ರ ಸುಟ್ಟ ಹೋಗತೈತಿ. ದೊಡ್ಡ ವೂಫರಿಗೆ 'ಸ' ಅನ್ನು ಅಂದ್ರ ಅದಕ್ಕ ಅನ್ನಾಕ ಬರೂದಿಲ್ಲ. ಅದಕ್ಕ ನುಚ್ಚು ಒಬ್ಬರಿಗೆ, ರವಾ ಒಬ್ಬರಿಗೆ, ಹಿಟ್ಟು ಒಬ್ಬರಿಗೆ ಅಂತ ಹಂಚಾಕ ಸಾಣಿಗಿ ಬೇಕು. ಆ ಸಾಣಿಗೀನ ಕ್ರಾಸ್‌ಓವರ್. ಪರದೆ ಮ್ಯಾಲೆ ಎಚ್.ಪಿ.ಎಫ್. ಅಂತ ಒಂದು ಇರತೈತಿ, ಹೈ ಪಾಸ್ ಫಿಲ್ಟರ್. ಅಲ್ಲಿ ಇಟ್ಟ ಅಂಕಿಗಿಂತ ಮ್ಯಾಲಿಂದನ್ನ ಮಾತ್ರ ಒಳಗ ಬಿಡತೈತಿ, ಅದು ಬಾಗಿಲದ ಸ್ಪೀಕರಿಗೆ. ಎಲ್.ಪಿ.ಎಫ್. ಅಂದ್ರ ಲೋ ಪಾಸ್, ಅದು ಕೆಳಗಿಂದನ್ನ ಮಾತ್ರ ಬಿಡತೈತಿ, ಡಿಕ್ಕಿಯೊಳಗಿನ ಪೆಟಗಿಗೆ.

ಮಗ ಪರದೆ ಒತ್ತಿ ನೋಡಿದ. ಬಾಗಿಲದ ಎಚ್.ಪಿ.ಎಫ್. 200ರ ಮ್ಯಾಲೆ ಇತ್ತು. ಡಿಕ್ಕಿಯ ಎಲ್.ಪಿ.ಎಫ್. 160ರ ಮ್ಯಾಲೆ. "ಓಹೋ" ಅಂತ ತಲಿ ಹಿಡಕೊಂಡ. ಹಾಕಿ ಕೊಟ್ಟಾವ್ರು ಹಂಗ ಇಟ್ಟಿದ್ರು, ಇವ ತಗದ ನೋಡಿದ್ದಿಲ್ಲ. ಎಷ್ಟ ಜೋರ ಹಚ್ಚಿದ್ರೂ ಬಾಗಿಲದ ಸ್ಪೀಕರ ಹರೀಬಾರದು, ಹಿಂದ ಧಡ್ ಧಡ್ ಅನಬೇಕು ಅಂತ ಲೆಕ್ಕ. ಕುಣಿಯೂ ಹಾಡಿಗೆ ಅದು ನಡೀತಿತ್ತೇನೋ. ಅವ್ವನ ದನಿ ಮೊದಲ ದಪ್ಪ, ಪದದ ಕೆಳಗಿನ ಸ್ವರ 200ರ ಆಜೂಬಾಜೂನ ಬರತೈತಿ. ಅಂದ್ರ ಆಕಿ ದನಿಯ ಬುಡಾನ ಬಾಗಿಲದ ಸಾಣಿಗಿ ಸೋಸಿ ಹೊರಗ ಹಾಕಿತ್ತು, ಡಿಕ್ಕಿ ಅದನ್ನ ಎತ್ಕೊಂಡಿತ್ತು. ಬಾಯಿ ಮುಂದ, ಮೈ ಹಿಂದ ಅಂತ ನಾ ಹೇಳಿದ್ದು ಸುಳ್ಳಲ್ಲ.

ಮೊದಲ ಎಲ್ಲಾ ಮೇಕಪ್ ತೊಳದ್ವಿ. ಈಕ್ವಲೈಜರಿನಾಗ 'ಪವರ್‌ಫುಲ್' ಅಂತ ಇದ್ದದ್ದನ್ನ ತಗದು 'ಫ್ಲಾಟ್' ಮಾಡಿದ. ಬಾಸ್ ಬೂಸ್ಟ್ ಬಂದ್, ಲೌಡ್‌ನೆಸ್ ಬಂದ್. ಆಮ್ಯಾಲೆ ಡಿಕ್ಕಿ ಪೆಟಗಿಯನ್ನ ಪೂರಾ ಬಂದ ಮಾಡಿ, ಬಾಗಿಲದ ಸ್ಪೀಕರ್ ಅಷ್ಟ ಇಟ್ವಿ.

ಅವ್ವನ ಪದ ಸಧ್ಯ ಬ್ಯಾಡ ಅಂದೆ. ಗಂಗೂಬಾಯಿ ಹಾನಗಲ್ ಅವ್ರ ಹಾಡ ಹಚ್ಚು ಅಂದೆ. ನಮ್ಮ ಧಾರವಾಡ ಹುಬ್ಬಳ್ಳಿ ಮಂದಿಗೆ ಆ ದನಿ ಹೇಳಿ ಕೊಡಬೇಕಾಗಿಲ್ಲ. ಗಂಟಲ ಆಪರೇಷನ್ ಆದ ಮ್ಯಾಲೆ ಗಂಡಸರ ದನಿ ಹಂಗ ದಪ್ಪ ಆದ್ರೂ, ಅದ ದನಿಯೊಳಗ ಹಾಡಿ ದೇಶಾನ ತಲಿದೂಗಿಸಿದಾಕಿ. ಆಕಿ ದನಿ ತೆಳ್ಳಗ ಕೇಳಿದ್ರ ಸ್ಪೀಕರಿಂದ ತಪ್ಪು, ಆಕೀದಲ್ಲ. ರೇಡಿಯೋದಾಗ, ಕಚೇರಿಯೊಳಗ ಕೇಳಿ ಬೆಳದ ಕಿವಿಗೆ ಅದಕ್ಕಿಂತ ಚೊಲೊ ತಕ್ಕಡಿ ಯಾವುದೈತಿ?

200ರಾಗ ಗಂಗೂಬಾಯಿ ಅವ್ರು ಫೋನಿನಾಗ ಹಾಡಿದಂಗ ಇದ್ರು. 160ಕ್ಕ ಇಳಿಸಿದ, ಸ್ವಲ್ಪ ಜೀವ ಬಂತು. 125, ಆಮ್ಯಾಲೆ 100. ಒಂದೊಂದ ಮೆಟ್ಟಲಾ ಇಳದಂಗ ದನಿಗೆ ಎದಿ ಬಂತು, ಹೊಟ್ಟಿ ಬಂತು. 80ಕ್ಕ ಬಂದಾಗ ನಾನು "ಹಾಂ" ಅಂದೆ. ಅವ ಆಶಾದಿಂದ 63ಕ್ಕ ಇಳಿಸಿದ, ಆಗ ತಬಲಾದ ಜೋಡಿ ಬಾಗಿಲದ ಪಟ್ಟಿ ಗರಗರ ಅನ್ನಾಕ ಹತ್ತಿತು. ಆರೂವರೆ ಇಂಚಿನ ಸ್ಪೀಕರಿಗೆ ಅಷ್ಟ ಕೆಳಗಿಂದು ಹೊರಾಕ ಆಗೂದಿಲ್ಲ. ತಿರುಗಿ 80ಕ್ಕ ಬಂದ್ವಿ.

ಇನ್ನ ಟ್ವೀಟರು. ಮಗ ಒಂದು ಆಟಾ ತೋರಿಸಿದ. "ಅವ್ವಾ, ಈ ಗುಂಡಿ ಮ್ಯಾಲೆ ಅಂಗೈ ಇಡು" ಅಂದ. ಇಟ್ಟೆ. ಹಾಡಿನ ಅಕ್ಷರದ ಚೂಪ ಹೋತು, ಕಂಬಳಿ ಹೊಚ್ಚಿದಂಗ ಆತು. ಕೈ ತಗದೆ, ಮಾತ ತಿಳೀತು. ಇಷ್ಟ ಸಣ್ಣ ಗುಂಡಿಯೊಳಗ ಹಾಡಿನ ಮಾತೆಲ್ಲಾ ಕುಂತಿರತೈತಿ ಅಂತ ನನಗ ಗೊತ್ತಿದ್ದಿಲ್ಲ. ಬಾಗಿಲದ ಸ್ಪೀಕರಿಗೂ ಟ್ವೀಟರಿಗೂ ಹಂಚಾಕ ಡ್ಯಾಶ್‌ಬೋರ್ಡಿನ ಕೆಳಗ ಅಂಗೈಯಷ್ಟ ಕರೇ ಡಬ್ಬಿ ಇರತೈತಿ. ಅದರಾಗ ಟ್ವೀಟರಿನ ಜೋರ ಎಷ್ಟು ಅಂತ ಇಡಾಕ ಒಂದು ಸಣ್ಣ ಕೀಲಿ. ಅದು ಎಲ್ಲಾದಕ್ಕಿಂತ ಮ್ಯಾಲಿನ ಗೆರಿ ಮ್ಯಾಲಿತ್ತು, ಮಗ ಬೊಕ್ಕ ಬಿದ್ದು ಕೈ ಹಾಕಿ ಮೈನಸ್ ಮೂರಕ್ಕ ಇಟ್ಟ. ಕಿವಿಗೆ ಚುಚ್ಚೂದು ನಿಂತು ಮಾತು ಉಳೀತು.

ಕಡೀಕ ಡಿಕ್ಕಿ. ಎಲ್.ಪಿ.ಎಫ್. ಅನ್ನೂ 80ಕ್ಕ ಇಟ್ಟ. 80ನ ಯಾಕ ಅಂತ ಕೇಳಿದೆ. ಗಾಳಿಯೊಳಗ ದನಿ ಒಂದ ಸೆಕೆಂಡಿಗೆ ಸುಮಾರ 343 ಮೀಟರ ಹೋಗತೈತಿ. 80 ಹರ್ಟ್ಜ್ ಅಂದ್ರ ಒಂದೊಂದ ಅಲಿ ನಾಕ ಮೀಟರಿಗಿಂತ ಉದ್ದ. ನಮ್ಮ ಕಾರ ಅದಕ್ಕಿಂತ ಗಿಡ್ಡ. ಅಷ್ಟ ಉದ್ದನ ಅಲಿ ಎಲ್ಲಿಂದ ಬರಾಕತ್ತೈತಿ ಅಂತ ಕಿವಿಗೆ ಸರಿಯಾಗಿ ಹೇಳಾಕ ಬರೂದಿಲ್ಲ. ಅದಕ್ಕ ಆ ಪೆಟಗಿ ಡಿಕ್ಕ್ಯಾಗ ಇದ್ರೂ ನಮಗ ಮುಂದಿನಿಂದ ಬಂದಂಗ ಅನಸತೈತಿ. 160, 200 ಅಂತ ಮ್ಯಾಲೆ ಹೋದಂಗ ಅಲಿ ಗಿಡ್ಡ ಆಗತೈತಿ, ಕಿವಿ ಬೆರಳ ಮಾಡಿ ತೋರಸತೈತಿ, ಅಕೋ ಹಿಂದ ಅಂತ.

ಇಷ್ಟಾದ್ರೂ ಹಿಂದಿನ ಗುನಗು ಪೂರಾ ಹೋಗಲಿಲ್ಲ. ಇನ್ನೂ ಒಂದು ಅಂಕಿ ಇತ್ತು, ಸ್ಲೋಪ್ ಅಂತ. ಅದು ಸಾಣಿಗಿ ಹೊಸದೋ ಹರದದ್ದೋ ಅನ್ನೂದರ ಲೆಕ್ಕ. ಸಂಗೀತದಾಗ ಕೆಳಗಿನ ಸಾದಿಂದ ಮ್ಯಾಲಿನ ಸಾಕ್ಕ ಒಂದು ಸಪ್ತಕ ಅಂತೀವಲ್ಲ, 80 ಇದ್ದದ್ದು 160 ಆದ್ರ ಒಂದು ಸಪ್ತಕ. ಸ್ಲೋಪ್ 6 ಡೆಸಿಬಲ್ ಇಟ್ರ, ಸಪ್ತಕ ದಾಟಿದ ಮ್ಯಾಲೂ ನಾಕ ಪಾಲಿನಾಗ ಒಂದ ಪಾಲು ಶಕ್ತಿ ಸೋರತೈತಿ. 12 ಇಟ್ರ ಹದಿನಾರರಾಗ ಒಂದು. 24 ಇಟ್ರ ಸುಮಾರ 250ರಾಗ ಒಂದು. ನಮ್ಮದು 6ರ ಮ್ಯಾಲಿತ್ತು, ಹರದ ಸಾಣಿಗಿ. 24 ಮಾಡಿದ ಕೂಡಲೆ ಹಿಂದ ಕುಂತು ಹಾಡಾಕಿ ಎದ್ದ ಹೋದ್ಲು.

ಡಿಕ್ಕಿ ತಗದು ಆಂಪ್ಲಿಫೈಯರ್ ನೋಡಿದ್ರ ಅಲ್ಲಿನೂ ಒಂದು ಎಲ್.ಪಿ.ಎಫ್. ತಿರುಪು ಇತ್ತು. ಎರಡೂ ಕಡೆ ಸಾಣಸಿದ್ರ ಎರಡ ಸಲ ಸೋಸಿದಂಗ, ಲೆಕ್ಕ ತಪ್ಪತೈತಿ. ಅದಕ್ಕ ಅಲ್ಲಿಂದನ್ನ ಪೂರಾ ಮ್ಯಾಲೆ ತಿರುವಿ, ಸೋಸೂ ಕೆಲಸ ಮುಂದಿನ ಪರದೆಗೆ ಅಷ್ಟ ಬಿಟ್ವಿ. ಗೇನ್ ಅನ್ನೂ ತಿರುಪು ಬ್ಯಾರೆ ಇರತೈತಿ. ಅದು ವಾಲ್ಯೂಮ್ ಅಲ್ಲ. ಮುಂದಿನಿಂದ ಬರೂ ಸಿಗ್ನಲ್ಲಿಗೆ ಹಿಂದಿನ ಆಂಪ್ಲಿಫೈಯರ್ ಹೊಂದೂ ಹಂಗ ಮಾಡೂದು. ಅದನ್ನ ಕಡೀತನಕ ತಿರುವಿಟ್ಟಿದ್ರು, ಅರ್ಧಕ್ಕಿಂತ ಕೆಳಗ ತಂದ್ವಿ. ಫೇಜ್ ಅಂತ ಒಂದು ಗುಂಡಿ, ಆ ಕಡೆ ಈ ಕಡೆ ಎರಡ ಜಾಗ. ಒಂದ ಕಡೆ ಇಟ್ರ ಡಗ್ಗಾ ಬಡಕಲ ಆತು, ಇನ್ನೊಂದ ಕಡೆ ಇಟ್ರ ತುಂಬ್ಕೊಂಡಿತು. ಅಲ್ಲಿ ವಿಚಾರ ಮಾಡೂದು ಏನಿಲ್ಲ, ಎರಡೂ ಕೇಳಿ ತುಂಬಿದ್ದನ್ನ ಇಟ್ಕೋಬೇಕು. ಸಬ್‌ವೂಫರಿನ ಜೋರ ಎಷ್ಟಿರಬೇಕು ಅನ್ನೂದಕ್ಕ ಮಗ ಒಂದು ಚೊಲೊ ಮಾತ ಹೇಳಿದ: ಇದ್ದಾಗ ಐತಿ ಅಂತ ಗೊತ್ತಾಗಬಾರದು, ತಗದಾಗ ಇಲ್ಲ ಅಂತ ಗೊತ್ತಾಗಬೇಕು. ಅಡಗಿಯೊಳಗ ಇಂಗು ಅಷ್ಟ.

ಇದೆಲ್ಲಾ ಮಾಡೂವಾಗ ಸಿಟ್ಟ ಎಲ್ಲೆ ಹೋತೋ ಇಬ್ಬರಿಗೂ ತಿಳೀಲಿಲ್ಲ. ಅವ ಅಂಕಿ ಒತ್ತೂದು, ನಾ ಕಣ್ಣ ಮುಚ್ಚಿ "ಬ್ಯಾಡ", "ಹಿಂದಿಂದ ಚೊಲೊ ಇತ್ತು" ಅನ್ನೂದು. ನಡುವ ಒಂದ ಮಾತ ಕೇಳಿದೆ. "ನೆನ್ನೆ ನಿನಗ ಹಾಡ ಕೆಟ್ಟ ಅನಸಲಿಲ್ಲೇನು? ಆಯಿ ದನಿ ನಿನಗೂ ಗೊತ್ತಲ್ಲ?"

ಅವ ಸ್ವಲ್ಪ ಹೊತ್ತು ಸುಮ್ಮಿದ್ದ. "ನನಗ ಗೊತ್ತಿರೂದು ದಮ್ಮ ಹತ್ತಿದ ಮ್ಯಾಲಿನ ಆಯಿ ದನಿ, ಅವ್ವಾ. ತೆಳ್ಳಗ, ನಡುವ ಉಸರ ಹಿಡದು ಮಾತಾಡ್ತಿದ್ಲು. ಇದರಾಗ ತೆಳ್ಳಗ ಬಂತು, ಆಯಿನ ಅಂದ್ಕೊಂಡೆ" ಅಂದ.

ನನಗ ಆಗ ತಿಳೀತು. ಅವ ಬೇಕಾಬಿಟ್ಟಿ ಮಾಡಿದ್ದಿಲ್ಲ. ಅವಗ ಗೊತ್ತಿರೂ ಆಯಿ ಬ್ಯಾರೆ, ನನಗ ಗೊತ್ತಿರೂ ಅವ್ವ ಬ್ಯಾರೆ. ಬೀಸೂಕಲ್ಲಿನ ಮುಂದ ಕುಂತು ಕಲ್ಲಿನ ಸಪ್ಪಳಾ ಮೀರಿ ಹಾಡ್ತಿದ್ದ ಆ ದಪ್ಪ ದನಿ ಅವ ಹುಟ್ಟಿದಾಗ ಇತ್ತು, ಅವಗ ಬುದ್ಧಿ ಬರೂ ಹೊತ್ತಿಗೆ ಹೋಗಿತ್ತು. ಹೆಂಗ ಇರಬೇಕು ಅಂತ ಗೊತ್ತಿಲ್ಲದಾವ ಎಷ್ಟ ಅಂಕಿ ತಿರುವಿದ್ರೂ ಅಲ್ಲಿಗೆ ಹೆಂಗ ಮುಟ್ತಾನ? ಎಂಬತ್ತು ಇಡು, ಇಪ್ಪತ್ನಾಲ್ಕು ಇಡು ಅಂತ ಯಾರ ಬೇಕಾದ್ರೂ ಹೇಳ್ತಾರ. ಹಾಂ, ಇದು ಅಂತ ಹೇಳಾಕ ನೆಪ್ಪಿದ್ದಾವ್ರು ಬೇಕು.

"ಈಗ ಹಚ್ಚು" ಅಂದೆ.

ಹಚ್ಚಿದ. ಮೊದಲ ಟೇಪಿನ ಸುಂಯ್, ನೆನ್ನಿಗಿಂತ ಭಾಳ ಕಡಿಮಿ. ಯಾರದೋ ಬಳಿ ಸಪ್ಪಳ. ತೊಟ್ಟಲದ ಸರಪಳಿ ಕಿರ್ ಅಂದದ್ದು. ಆಮ್ಯಾಲೆ ಅವ್ವ. ನಟ್ಟ ನಡುವ, ಕಾಜಿನ ಮುಂದ, ನನ್ನಿಂದ ಒಂದ ಮಾರ ದೂರ ಕುಂತು ಹಾಡಿದಂಗ. ಒಂದ ದನಿ, ಒಂದ ಜಾಗ. ನಾ ಮರತಿದ್ದಿಲ್ಲ ಅಕ್ಕಾರ. ದೇವರಾಣಿ, ನಾ ಮರತಿದ್ದಿಲ್ಲ.

ಸುಳ್ಳ ಹೇಳಬಾರದು, ಅದು ಅವ್ವ ಎದುರಿಗೆ ಕುಂತು ಹಾಡಿದ ದನಿ ಅಲ್ಲ. ಸಣ್ಣ ಟೇಪಿನ ಸಣ್ಣ ಮೈಕು ಎಷ್ಟ ಹಿಡದಿತ್ತೋ ಅಷ್ಟ. ಟೇಪು ಹಿಡೀದ ಬಿಟ್ಟದ್ದನ್ನ ಯಾವ ಸ್ಪೀಕರೂ ತಂದ ಕೊಡೂದಿಲ್ಲ. ಖರೆ, ಹಿಡದದ್ದನ್ನ ನಾವ ಸೋಸಿ ಹೊರಗ ಚೆಲ್ಲಿದ್ವಿ, ಅದು ತಿರುಗಿ ಬಂತು.

ಪದ ಮುಗದ ಮ್ಯಾಲೆ ನಾ ಕಣ್ಣ ಒರಸ್ಕೊಂಡು ಬಾಗಿಲ ತಗಿಯಾಕ ಹೋದೆ. ಮಗ ಕೈ ಹಿಡದ. "ತಡಿ, ಇನ್ನೂ ಏನೋ ಐತಿ." ಹಾಡ ನಿಂತ ಮ್ಯಾಲೆ ಸ್ವಲ್ಪ ಹೊತ್ತು ಟೇಪು ಹಂಗ ಓಡಿತ್ತು. ಅದರಾಗ ಭಾಳ ಸಣ್ಣಗ, ಅವ್ವ ಅಣ್ಣಗ ಹೇಳಿದ್ದು ಕೇಳಸ್ತು: "ಸಾಕ ಬಂದ ಮಾಡಪಾ, ಕೂಸಿಗೆ ನಿದ್ದಿ ಹತ್ತೇತಿ." ಆಮ್ಯಾಲೆ ಟಕ್ ಅಂತ ಗುಂಡಿ ಒತ್ತಿದ ಸಪ್ಪಳ.

ಕ್ಯಾಸೆಟ್ಟು ಹೊಸದಿದ್ದಾಗ ಎಷ್ಟೋ ಸಲ ಕೇಳಿದ್ದೆ, ಪದ ಮುಗದ ಕೂಡಲೆ ಬಂದ ಮಾಡ್ತಿದ್ದೆ. ಆ ಮಾತ ಅದರಾಗ ಐತಿ ಅನ್ನೂದು ಗೊತ್ತ ಇದ್ದಿಲ್ಲ. ನಿದ್ದಿ ಹತ್ತಿದ ಆ ಕೂಸು ಈಗ ಸ್ಟೇರಿಂಗ್ ಹಿಡಕೊಂಡು ನನ್ನ ಬಾಜೂಕ ಕುಂತು ಕಣ್ಣ ತುಂಬ್ಕೊಂಡಿತ್ತು. "ಇನ್ನೊಮ್ಮೆ ಹಚ್ಚಲೇನವ್ವಾ?" ಅಂದ. ಇನ್ನೊಮ್ಮೆ ಕೇಳಿದ್ವಿ. ಮತ್ತೊಮ್ಮೆ ಹಚ್ಚೂದರಾಗ ಪರದೆ ಕರ್ರಗಾತು.

ಎಂಜಿನ್ ಬಂದ ಇಟ್ಟು ಎರಡ ತಾಸು ಆಂಪ್ಲಿಫೈಯರ್ ಓಡಿಸಿದ್ರ ಬ್ಯಾಟರಿ ಏನ ಉಳೀತೈತಿ? ನಮ್ಮನಿಯವ್ರು ಹೊರಗ ಬಂದು, "ತಾಯಿ ಮಗಾ ಕೂಡಿ ಗಾಡಿನ್ನ ಮಲಗಿಸಿದ್ರಿ" ಅಂತ ಬೈದು, ಓಣಿ ಹುಡುಗೂರನ್ನ ಕರದು ತಳ್ಳಿಸಿ ಚಾಲೂ ಮಾಡಿಸಿದ್ರು. ಅದನ್ನ ನೋಡಿದ ಅಕ್ಕಾರಿಗೆ ಇದ ಉತ್ತರ ನೋಡ್ರಿ. ನೀವ್ಯಾರಾದ್ರೂ ಹಿಂಗ ಕುಂತ್ರ ನಡುನಡುವ ಎಂಜಿನ್ ಚಾಲೂ ಮಾಡ್ರಿ, ಬಯಲಾಗ ಅಷ್ಟ. ಬಾಗಿಲಾ ಹಾಕಿದ ಶೆಡ್ಡಿನಾಗ ಎಂಜಿನ್ ಚಾಲೂ ಇಟ್ಕೊಂಡು ಕುಂದರಬ್ಯಾಡ್ರಿ, ಹೊಗಿಯಿಂದ ಜೀವಕ್ಕ ಅಪಾಯ.

ಆ ಅಂಕಿಗಳನ್ನ ಅಡಗಿಮನಿ ಕ್ಯಾಲೆಂಡರಿನಾಗ ಬರದಿಟ್ಟೀನಿ, ಹಾಲಿನ ಲೆಕ್ಕದ ಬಾಜೂಕ: ಬಾಗಿಲ 80, ಡಿಕ್ಕಿ 80, ಸ್ಲೋಪ್ 24, ಟ್ವೀಟರ್ ಮೈನಸ್ 3. ಬ್ಯಾಟರಿ ತಗದ್ರ ಕೆಲವು ಪರದೆ ಎಲ್ಲಾ ಮರತಬಿಡತಾವ ಅಂತ ಮಗ ಹೇಳಿದ. ನಿಮ್ಮ ಕಾರಿಗೆ ಇವ ಅಂಕಿ ಹೊಂದಬೇಕಂತಿಲ್ಲ. ಸ್ಪೀಕರು ಸಣ್ಣದಿದ್ರ 100 ಬೇಕಾದೀತು. 80ರಿಂದ ಸುರು ಮಾಡಿ, ನಿಮಗ ಭಾಳ ಗೊತ್ತಿರೂ ಒಂದ ದನಿ ಹಚ್ಚಿ, ಕಿವಿಗೆ ಕೇಳಿ ಸರಿ ಮಾಡ್ರಿ. ಜೋರ ಮಾಡೂದರಿಂದ ಏನೂ ಸರಿ ಆಗೂದಿಲ್ಲ.

ಟ್ರಂಕಿನಾಗ ಹಳೇ ಕ್ಯಾಸೆಟ್ಟು ಇದ್ದಾವ್ರು ಈಗ ತಗೀರಿ. ರೀಲ ಹರೀತೈತಿ ಅಂತ ನನ್ನಂಗ ಹೆದರಿ ಇಟ್ಕೊಂಡು ಕುಂದರಬ್ಯಾಡ್ರಿ. ಕಂಪ್ಯೂಟರಿಗೆ ಇಳಿಸಿಸ್ರಿ, ಎರಡ ಕಡೆ ಇಡ್ರಿ. ಪದ ಮುಗೀತು ಅಂತ ಬಂದ ಮಾಡಬ್ಯಾಡ್ರಿ, ಗುಂಡಿ ಟಕ್ ಅನ್ನೂತನಕ ಕೇಳ್ರಿ. ಆ ದನಿ ನೆಪ್ಪಿದ್ದಾವ್ರು ಮನ್ಯಾಗ ಇರೂತನಕ ಅವರನ್ನ ಬಾಜೂಕ ಕುಂದರಿಸ್ಕೊಂಡು ಕೇಳ್ರಿ.

ದೀಪಾವಳಿಗೆ ಅಣ್ಣ ಬರಾಂವ ಅದಾನ. ಅವಗ ಇನ್ನೂ ಹೇಳಿಲ್ಲ. ಸುಮ್ಮ ಕಾರಿನಾಗ ಮುಂದ ಕುಂದರಿಸಿ ಹಚ್ಚೂದು ಅಂತ ನಾನೂ ಮಗಾನೂ ಮಾತಾಡ್ಕೊಂಡೀವಿ. ಬ್ಯಾಟರಿ ತುಂಬಿಸಿಟ್ಟೀವಿ.